ಕಾಟಾ ಚೀಟಿಯಿಂದ ಪಹಣಿಯವರೆಗೆ: ಸಂಖ್ಯೆಗಳನ್ನು ಏರಿಕೆ, ಇಳಿಕೆ ಕ್ರಮದಲ್ಲಿ ಜೋಡಿಸುವ ಬಗೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಲ್ಲಿ ಸಂಜೆ ಹೊತ್ತಿಗೆ ಕಾಟಾ ಚೀಟಿಗಳ (ತೂಕದ ಚೀಟಿಗಳ) ಕಂತೆಯೇ ಬೀಳುತ್ತದೆ. ಯಾವ ಲಾಟು (ಮಾರಾಟಕ್ಕಿಟ್ಟ ಮಾಲಿನ ರಾಶಿ) ಹೆಚ್ಚು ತೂಗಿತು, ಯಾವುದರ ತೇವಾಂಶ ಕಡಿಮೆ, ಯಾರು ಕೂಗಿದ ದರ ಮೇಲು ಎಂದು ತಿಳಿಯಲು ಅಂಕಿಗಳನ್ನು ಒಂದು ಕ್ರಮಕ್ಕೆ ತರದೆ ವಿಧಿಯಿಲ್ಲ. ಪಂಚಾಯಿತಿಯ ತೆರಿಗೆ ಬಾಕಿ ಪಟ್ಟಿ, ಹಾಲಿನ ಡೇರಿಯ ಫ್ಯಾಟು ಪಟ್ಟಿ, ಶಾಲೆಯ ಅಂಕಪಟ್ಟಿ, ಎಲ್ಲದಕ್ಕೂ ಇದೇ ಕೆಲಸ.

ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಏರಿಕೆ ಕ್ರಮ, ದೊಡ್ಡದರಿಂದ ಚಿಕ್ಕದಕ್ಕೆ ಬಂದರೆ ಇಳಿಕೆ ಕ್ರಮ. ಇಷ್ಟು ಪ್ರಾಥಮಿಕ ಶಾಲೆಯಲ್ಲೇ ಕಲಿತಿರುತ್ತೇವೆ. ಆದರೂ ಪಟ್ಟಿಗಳು ತಪ್ಪುತ್ತವೆ, ಮತ್ತು ಹೆಚ್ಚಿನ ಸಲ ತಪ್ಪಿನ ಬೇರು ಜೋಡಣೆಗಿಂತ ಮುಂಚೆಯೇ ಇರುತ್ತದೆ: ಸಂಖ್ಯೆಗಳು ಒಂದೇ ಅಳತೆಯಲ್ಲಿ, ಒಂದೇ ರೂಪದಲ್ಲಿ ಇರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಆ ತಯಾರಿಗೆ ಹೆಚ್ಚು ಜಾಗ ಕೊಟ್ಟಿದೆ.

ಎರಡು ಸಂಖ್ಯೆಗಳನ್ನು ಹೋಲಿಸುವುದು

ಪಟ್ಟಿ ಎಷ್ಟೇ ಉದ್ದವಿರಲಿ, ಒಂದು ಸಲಕ್ಕೆ ಹೋಲಿಸುವುದು ಎರಡನ್ನೇ. ಪೂರ್ಣ ಸಂಖ್ಯೆಗಳಾದರೆ ಮೊದಲು ಎಷ್ಟು ಅಂಕಿಗಳಿವೆ ಎಂದು ಎಣಿಸಿ; ಹೆಚ್ಚು ಅಂಕಿ ಇರುವುದೇ ದೊಡ್ಡದು. ಅಂಕಿಗಳ ಎಣಿಕೆ ಸಮವಾಗಿದ್ದರೆ ಎಡಗಡೆಯಿಂದ ಒಂದೊಂದೇ ಸ್ಥಾನ ನೋಡುತ್ತ ಬನ್ನಿ. ಮೊದಲು ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲೇ ತೀರ್ಮಾನ; ಅದರ ಬಲಗಡೆ ಏನಿದ್ದರೂ ಲೆಕ್ಕಕ್ಕಿಲ್ಲ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497 (ಆಗ ಹರಪನಹಳ್ಳಿಯೂ ಈ ಜಿಲ್ಲೆಯಲ್ಲೇ ಇತ್ತು), ಚಿತ್ರದುರ್ಗದ್ದು 16,59,456. ಹತ್ತು ಲಕ್ಷದ ಸ್ಥಾನದಲ್ಲಿ ಎರಡೂ ಕಡೆ 1. ಲಕ್ಷದ ಸ್ಥಾನದಲ್ಲಿ 9 ಮತ್ತು 6. ಅಲ್ಲಿಗೆ ಮುಗಿಯಿತು. ಮುಂದಿನ 45 ಸಾವಿರ, 59 ಸಾವಿರವನ್ನು ನೋಡುವ ಅಗತ್ಯವೇ ಇಲ್ಲ.

ದಶಮಾಂಶದಲ್ಲಿ ಅಂಕಿ ಎಣಿಸುವ ಈ ಉಪಾಯ ನಡೆಯದು. ಎರಡು ಲಾಟುಗಳ ತೇವಾಂಶ 13.8 ಮತ್ತು 13.75 ಎಂದಿರಲಿ. ಬಾಯಿಮಾತಿನಲ್ಲಿ "ಹದಿಮೂರು ಪಾಯಿಂಟ್ ಎಂಟು", "ಹದಿಮೂರು ಪಾಯಿಂಟ್ ಎಪ್ಪತ್ತೈದು" ಎನ್ನುತ್ತೇವೆ. ಎಪ್ಪತ್ತೈದು ಎಂಟಕ್ಕಿಂತ ದೊಡ್ಡದೆಂದು ಕಿವಿ ನಂಬಿಬಿಡುತ್ತದೆ. ಬಿಂದುವಿನ ನಂತರದ ಅಂಕಿಗಳ ಸಂಖ್ಯೆಯನ್ನು ಸೊನ್ನೆ ಸೇರಿಸಿ ಸಮ ಮಾಡಿಕೊಳ್ಳಿ: 13.80 ಮತ್ತು 13.75. ಈಗ 13.75 ಚಿಕ್ಕದು ಎಂಬುದು ಕಣ್ಣಿಗೇ ಕಾಣುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶ ಶೇ 14 ದಾಟಬಾರದು. ಆ ಗೆರೆಯ ಆಚೀಚೆ ಇರುವ ಲಾಟುಗಳನ್ನು ಬೇರೆ ಮಾಡುವಾಗ 14.05 ಮತ್ತು 13.9ರ ನಡುವೆ ಎಡವಿದರೆ ರೈತನ ಮಾಲು ತಪ್ಪು ಸಾಲಿಗೆ ಹೋಗುತ್ತದೆ.

ಋಣ ಸಂಖ್ಯೆಗಳಲ್ಲಿ ಕ್ರಮ ತಿರುಗಿ ನಿಲ್ಲುತ್ತದೆ. ಸ್ವಸಹಾಯ ಸಂಘದ ಪುಸ್ತಕದಲ್ಲಿ ಬಾಕಿಯನ್ನು −250, −40 ಎಂದು ಬರೆದಿದ್ದರೆ ಏರಿಕೆ ಕ್ರಮದಲ್ಲಿ −250 ಮೊದಲು, −40 ನಂತರ, ಆಮೇಲೆ 0, ಆಮೇಲೆ ಉಳಿತಾಯ ಇರುವವರು. ಭಿನ್ನರಾಶಿಗಳಿಗೆ ಅಡ್ಡ ಗುಣಾಕಾರ ಸಾಕು: 3/8 ಮತ್ತು 2/5ರಲ್ಲಿ 3×5=15, 2×8=16; ಆದ್ದರಿಂದ 2/5 ದೊಡ್ಡದು. ಭಿನ್ನರಾಶಿಗಳು ಮೂರಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ದಶಮಾಂಶಕ್ಕೆ ತಿರುಗಿಸಿಕೊಳ್ಳುವುದೇ ಬೇಗ.

ಅಳತೆ ಬೆರೆತ ಪಟ್ಟಿಗಳು

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೆಡುವುದು ಎಕರೆ-ಗುಂಟೆಯ ಪಟ್ಟಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಬಾಯಿಲೆಕ್ಕದಲ್ಲಿ ಇದು ಯಾರಿಗೂ ತಪ್ಪುವುದಿಲ್ಲ, ಬರೆಯುವಾಗ ಮಾತ್ರ "2.5", "2-5", "2.05" ಎಂದು ಬಗೆಬಗೆಯಾಗಿ ಬರುತ್ತದೆ. ಪಹಣಿಯಲ್ಲೂ ವಿಸ್ತೀರ್ಣದ ನಡುವೆ ಬಿಂದು ಇರುವುದರಿಂದ ನೋಡಿದವರು ಅದನ್ನು ದಶಮಾಂಶವೆಂದೇ ತಿಳಿಯುತ್ತಾರೆ. ಅದು ದಶಮಾಂಶದ ಬಿಂದುವಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗುರುತು.

ಐದು ಹಿಡುವಳಿಗಳನ್ನು ತೆಗೆದುಕೊಳ್ಳಿ: 2 ಎಕರೆ 35 ಗುಂಟೆ, 3 ಎಕರೆ, 2 ಎಕರೆ 5 ಗುಂಟೆ, 1 ಎಕರೆ 38 ಗುಂಟೆ, 2 ಎಕರೆ 12 ಗುಂಟೆ. ಇವನ್ನು 2.35, 3, 2.5, 1.38, 2.12 ಎಂದು ಬರೆದು ಏರಿಕೆ ಕ್ರಮಕ್ಕೆ ತಂದರೆ 1.38, 2.12, 2.35, 2.5, 3 ಎಂದು ಬರುತ್ತದೆ. 2 ಎಕರೆ 5 ಗುಂಟೆ ಎರಡನೇ ಜಾಗದಲ್ಲಿ ಇರಬೇಕಾದದ್ದು ನಾಲ್ಕಕ್ಕೆ ಹೋಗಿ ಕೂತಿತು. ಸರಿಯಾದ ದಾರಿ ಎಲ್ಲವನ್ನೂ ಗುಂಟೆಗೆ ತರುವುದು: ಎಕರೆಯನ್ನು 40ರಿಂದ ಗುಣಿಸಿ, ಗುಂಟೆಯನ್ನು ಕೂಡಿ.

1 ಎಕರೆ 38 ಗುಂಟೆ = 78
2 ಎಕರೆ 5 ಗುಂಟೆ = 85
2 ಎಕರೆ 12 ಗುಂಟೆ = 92
2 ಎಕರೆ 35 ಗುಂಟೆ = 115
3 ಎಕರೆ = 120

ಆಣೆಯೂ ಇದ್ದರೆ ಅದನ್ನು 16ರಿಂದ ಭಾಗಿಸಿ ಗುಂಟೆಗೆ ಸೇರಿಸಿ. 8 ಆಣೆ ಎಂದರೆ 0.5 ಗುಂಟೆ.

ತೂಕದಲ್ಲೂ ಇದೇ ಪಾಡು. 12 ಕ್ವಿಂಟಲ್ 8 ಕೆ.ಜಿ. ಎಂದರೆ 12.08 ಕ್ವಿಂಟಲ್. ಅವಸರದಲ್ಲಿ 12.8 ಎಂದು ಬರೆದರೆ ಅದು 12 ಕ್ವಿಂಟಲ್ 80 ಕೆ.ಜಿ. ಆಯಿತು, ಕ್ರಮವೂ ಹೋಯಿತು, 72 ಕೆ.ಜಿ.ಯ ಲೆಕ್ಕವೂ ಹೋಯಿತು. ಚೀಟಿಯಲ್ಲಿ ಕೆ.ಜಿ. ಒಂದೇ ಅಂಕಿಯಲ್ಲಿದ್ದರೆ ಅದರ ಮುಂದೆ ಸೊನ್ನೆ ಕಡ್ಡಾಯ. ಇದಕ್ಕಿಂತ ಒಳ್ಳೆಯದು, ಎಲ್ಲವನ್ನೂ ಕೆ.ಜಿ.ಯಲ್ಲೇ ಬರೆಯುವುದು: 1208. ಬಿಂದುವೇ ಇಲ್ಲದ ಮೇಲೆ ಬಿಂದುವಿನ ಗೊಂದಲವೂ ಇಲ್ಲ. ಅಡಿ-ಇಂಚಿಗೂ ಇದೇ ಮಾತು. ವಾಣಿವಿಲಾಸ ಸಾಗರ ಜಲಾಶಯದ ಪೂರ್ಣ ಮಟ್ಟ 130 ಅಡಿ. ದಿನದಿನದ ನೀರಿನ ಮಟ್ಟವನ್ನು ಗುರುತಿಟ್ಟು ಹೋಲಿಸುವವರು 129.6 ಎಂದರೆ 129 ಅಡಿ 6 ಇಂಚೋ, 129 ಮತ್ತು ಹತ್ತನೇ ಆರು ಭಾಗವೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. 129 ಅಡಿ 6 ಇಂಚು ಎಂದರೆ 129.5.

ಕೈಯಲ್ಲಿ ಚೀಟಿ ಜೋಡಿಸುವಾಗ

ಹತ್ತು-ಹನ್ನೆರಡು ಚೀಟಿಗಳಿದ್ದರೆ ಇಸ್ಪೀಟಿನ ಎಲೆ ಹಿಡಿದಂತೆ ಎಡಗೈಯಲ್ಲಿ ಹಿಡಿದು, ಒಂದೊಂದೇ ಚೀಟಿ ತೆಗೆದು ಅದರ ಜಾಗಕ್ಕೆ ತೂರಿಸುತ್ತ ಹೋದರೆ ಸಾಕು. ಅರವತ್ತು ಚೀಟಿಗಳಾದರೆ ಈ ಬಗೆ ಸುಸ್ತು ಹೊಡೆಸುತ್ತದೆ. ಪ್ರತಿ ಸಲ ಇಡೀ ಕಂತೆ ಹುಡುಕಿ ಅತಿ ಚಿಕ್ಕದನ್ನು ಆರಿಸುವ ಪದ್ಧತಿಯಂತೂ ಬೇಡವೇ ಬೇಡ: 60 ಚೀಟಿಗೆ 1,770 ಹೋಲಿಕೆ ಬೇಕಾಗುತ್ತದೆ. ಎರಡು ಬೇರೆ ದಾರಿಗಳಿವೆ.

ಮೊದಲನೆಯದು ಗುಡ್ಡೆ ಹಾಕುವುದು. ಇದನ್ನು ಪಿನ್ ಕೋಡ್ ಪ್ರಕಾರ ಕಾಗದ ಪತ್ರ ಬೇರೆ ಮಾಡುವ ಕೆಲಸದಲ್ಲಿ ನೋಡಿ. ನಮ್ಮ ಎರಡೂ ಜಿಲ್ಲೆಗಳ ಊರುಗಳವು: ಚಳ್ಳಕೆರೆ 577522, ಹರಿಹರ 577601, ಜಗಳೂರು 577528, ದಾವಣಗೆರೆ 577001, ಹೊಸದುರ್ಗ 577527, ಚನ್ನಗಿರಿ 577213, ಚಿತ್ರದುರ್ಗ 577501, ಹೊಳಲ್ಕೆರೆ 577526, ಹೊನ್ನಾಳಿ 577217, ಮೊಳಕಾಲ್ಮೂರು 577535.

ಮೊದಲ ಮೂರು ಅಂಕಿ 577 ಎಲ್ಲದರಲ್ಲೂ ಒಂದೇ. ಅದನ್ನು ಓದುವ ಶ್ರಮವನ್ನೇ ಬಿಡಿ. ನಾಲ್ಕನೇ ಅಂಕಿ ನೋಡಿ ಗುಡ್ಡೆ ಹಾಕಿ: 0ರಲ್ಲಿ ದಾವಣಗೆರೆ ಒಂದೇ; 2ರಲ್ಲಿ ಚನ್ನಗಿರಿ, ಹೊನ್ನಾಳಿ; 5ರಲ್ಲಿ ಆರು ಊರು; 6ರಲ್ಲಿ ಹರಿಹರ. ಒಂದೇ ಇರುವ ಗುಡ್ಡೆಯನ್ನು ಮುಟ್ಟುವುದೇ ಬೇಡ. 2ರ ಗುಡ್ಡೆಯಲ್ಲಿ ಒಂದು ಹೋಲಿಕೆ ಸಾಕು. 5ರ ಗುಡ್ಡೆಯನ್ನು ಮಾತ್ರ ಕೊನೆಯ ಎರಡು ಅಂಕಿ ನೋಡಿ ಜೋಡಿಸಬೇಕು: 01, 22, 26, 27, 28, 35. ಗುಡ್ಡೆಗಳನ್ನು 0, 2, 5, 6 ಎಂಬ ಕ್ರಮದಲ್ಲಿ ಒಂದರ ಮೇಲೊಂದು ಇಟ್ಟರೆ ದಾವಣಗೆರೆಯಿಂದ ಹರಿಹರದವರೆಗೆ ಪಟ್ಟಿ ಸಿದ್ಧ. ತೂಕದ ಚೀಟಿಗಳಿಗೂ ಹೀಗೇ: 10 ಕ್ವಿಂಟಲ್ ಒಳಗಿನವು, 10ರಿಂದ 20ರೊಳಗಿನವು, 20ರಿಂದ 30ರೊಳಗಿನವು ಎಂದು ಹಾಕಿ. ಸರಿಯಾಗಿ 20.00 ಇರುವ ಚೀಟಿ ಯಾವ ಗುಡ್ಡೆಗೆ ಎಂದು ಮೊದಲೇ ಹೇಳಿಬಿಡಿ. ಇಬ್ಬರು ಕೂತು ಗುಡ್ಡೆ ಹಾಕುವಾಗ ಜಗಳ ಹತ್ತುವುದು ಅಲ್ಲೇ.

ಎರಡನೆಯದು ಬೆಸೆಯುವ ಪದ್ಧತಿ. ನಾಲ್ಕು ಜನ ಇದ್ದಾರೆ ಎನ್ನಿ. 60 ಚೀಟಿಯನ್ನು ಹದಿನೈದರಂತೆ ಹಂಚಿ, ಪ್ರತಿಯೊಬ್ಬರೂ ತಮ್ಮದನ್ನು ಏರಿಕೆ ಕ್ರಮಕ್ಕೆ ತರಲಿ. ಆಮೇಲೆ ಎರಡು ಕಂತೆಗಳನ್ನು ಪಕ್ಕಪಕ್ಕ ಇಟ್ಟು, ಮೇಲಿನ ಎರಡು ಚೀಟಿಗಳಲ್ಲಿ ಚಿಕ್ಕದನ್ನು ತೆಗೆದು ಮೂರನೇ ಕಂತೆಗೆ ಮಗುಚಿ ಹಾಕುತ್ತ ಹೋಗಿ. ಒಂದು ಕಂತೆ ಖಾಲಿಯಾದರೆ ಇನ್ನೊಂದರಲ್ಲಿ ಉಳಿದದ್ದನ್ನು ಹಾಗೇ ಸೇರಿಸಿ. 1945ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಕಂಪ್ಯೂಟರಿಗಾಗಿ ರೂಪಿಸಿದ ಪದ್ಧತಿ ಇದೇ. ಇಡೀ ಜೋಡಣೆಯನ್ನು ಮೊದಲಿನಿಂದಲೂ ಬೆಸೆಯುತ್ತಲೇ ಮಾಡಿದರೆ 60 ಚೀಟಿಗೆ ಎಂಥ ಪರಿಸ್ಥಿತಿಯಲ್ಲೂ 300 ಹೋಲಿಕೆ ದಾಟುವುದಿಲ್ಲ. 1,770ರ ಮುಂದೆ ಇದು ಎಷ್ಟು ಉಳಿತಾಯ ನೋಡಿ.

ಇಳಿಕೆ ಕ್ರಮ ಬೇಕಾದರೆ ಹೊಸದಾಗಿ ಏನೂ ಮಾಡಬೇಕಿಲ್ಲ. ಏರಿಕೆ ಕ್ರಮದ ಕಂತೆಯನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಎತ್ತಿಟ್ಟರೆ ಆಯಿತು. ಒಂದು ಎಚ್ಚರ: ಒಂದೇ ತೂಕದ ಎರಡು ಚೀಟಿಗಳು ಲಾಟ್ ನಂಬರಿನ ಕ್ರಮದಲ್ಲಿ ಇದ್ದಿದ್ದರೆ, ಕಂತೆ ತಿರುಗಿಸಿದಾಗ ಅವೂ ಹಿಂದುಮುಂದಾಗುತ್ತವೆ.

ಎಕ್ಸೆಲ್‌ನಲ್ಲಿ

ಕಂಪ್ಯೂಟರ್ ಜೋಡಿಸುವುದು ಕ್ಷಣದಲ್ಲಿ, ಕೆಡಿಸುವುದೂ ಕ್ಷಣದಲ್ಲೇ. ಬಟನ್ ಒತ್ತುವ ಮುಂಚೆ ಈ ನಾಲ್ಕು ಕೆಲಸ ಮುಗಿಸಿ.

1. ಹಾಳೆಯ ಪ್ರತಿ ಮಾಡಿಟ್ಟುಕೊಳ್ಳಿ. ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್, ಮೂವ್ ಆರ್ ಕಾಪಿ, ಕ್ರಿಯೇಟ್ ಎ ಕಾಪಿ.
2. ಮೊದಲ ಕಾಲಮಿನಲ್ಲಿ 1, 2, 3 ಎಂದು ಕ್ರಮಸಂಖ್ಯೆ ತುಂಬಿ. ಫಾರ್ಮುಲಾ ಬೇಡ, ನೇರ ಅಂಕಿಗಳೇ ಇರಲಿ. ಮೂಲ ಕ್ರಮ ಮತ್ತೆ ಬೇಕೆನಿಸಿದಾಗ ಈ ಕಾಲಮಿನ ಮೇಲೆ ಜೋಡಿಸಿದರೆ ಸಾಕು.
3. ಕೊನೆಯ "ಒಟ್ಟು" ಸಾಲನ್ನು ಒಂದು ಖಾಲಿ ಸಾಲು ಬಿಟ್ಟು ಕೆಳಗಿಡಿ. ಇಲ್ಲದಿದ್ದರೆ ಇಳಿಕೆ ಕ್ರಮದಲ್ಲಿ ಒಟ್ಟು ತೂಕವೇ ಅತಿ ದೊಡ್ಡ ಲಾಟು ಎಂಬಂತೆ ಮೇಲೆ ಬಂದು ಕೂರುತ್ತದೆ.
4. ಪಟ್ಟಿಯ ನಡುವಿನ ಖಾಲಿ ಸಾಲು, ಖಾಲಿ ಕಾಲಂ ತೆಗೆಯಿರಿ. ಖಾಲಿ ಸಾಲು ಸಿಕ್ಕಿದಲ್ಲಿ ಪಟ್ಟಿ ಮುಗಿಯಿತೆಂದು ಎಕ್ಸೆಲ್ ತಿಳಿಯುತ್ತದೆ. ಮರ್ಜ್ ಮಾಡಿದ ಸೆಲ್‌ಗಳಿದ್ದರೆ ಬಿಡಿಸಿ.

ಈಗ ಪಟ್ಟಿಯೊಳಗಿನ ಯಾವುದಾದರೂ ಒಂದು ಸೆಲ್ ಮೇಲೆ ಕ್ಲಿಕ್ ಮಾಡಿ, ಡೇಟಾ ಟ್ಯಾಬ್‌ನ ಸಾರ್ಟ್ ಒತ್ತಿ. "ಮೈ ಡೇಟಾ ಹ್ಯಾಸ್ ಹೆಡರ್ಸ್" ಮುಂದೆ ಟಿಕ್ ಇರಲಿ. ಇಲ್ಲದಿದ್ದರೆ ತಲೆಬರಹದ ಸಾಲೂ ಅಂಕಿಗಳ ಜೊತೆ ಸೇರಿಹೋಗುತ್ತದೆ. ಯಾವ ಕಾಲಂ ಎಂದು ಆರಿಸಿ, ಕ್ರಮದ ಜಾಗದಲ್ಲಿ ಏರಿಕೆಗೆ "ಸ್ಮಾಲೆಸ್ಟ್ ಟು ಲಾರ್ಜೆಸ್ಟ್", ಇಳಿಕೆಗೆ "ಲಾರ್ಜೆಸ್ಟ್ ಟು ಸ್ಮಾಲೆಸ್ಟ್" ಆರಿಸಿ. ಇಲ್ಲಿ "ಎ ಟು ಝಡ್" ಎಂದು ಕಂಡರೆ ಮುಂದುವರಿಯಬೇಡಿ. ನಿಮ್ಮ ಅಂಕಿಗಳನ್ನು ಎಕ್ಸೆಲ್ ಅಕ್ಷರಗಳೆಂದು ಓದುತ್ತಿದೆ ಎಂಬುದರ ಸೂಚನೆ ಅದು.

ತೂಕ ಸಮವಾದಾಗ ಲಾಟ್ ನಂಬರ್ ನೋಡಬೇಕು ಎಂದಿದ್ದರೆ ಅಲ್ಲೇ "ಆ್ಯಡ್ ಲೆವೆಲ್" ಒತ್ತಿ ಎರಡನೇ ಕಾಲಂ ಸೇರಿಸಿ. ಅಂಕಪಟ್ಟಿಯಲ್ಲಿ ಇಬ್ಬರಿಗೆ ಸಮ ಅಂಕ ಬಂದರೆ ಸ್ಥಾನ 1, 2, 2, 4 ಎಂದು ಬರೆಯುವುದು ರೂಢಿ. ಸಾಲಿನ ಸಂಖ್ಯೆಯನ್ನೇ ಸ್ಥಾನವೆಂದು ಬರೆದರೆ ಸಮ ಅಂಕದ ಒಂದು ಮಗುವಿಗೆ ಅನ್ಯಾಯವಾಗುತ್ತದೆ.

ಒಂದೇ ಕಾಲಮನ್ನು ಪೂರ್ತಿ ಆರಿಸಿಕೊಂಡು ಸಾರ್ಟ್ ಒತ್ತಿದರೆ ಎಕ್ಸೆಲ್ ಕೇಳುತ್ತದೆ: "ಎಕ್ಸ್‌ಪಾಂಡ್ ದ ಸೆಲೆಕ್ಷನ್" ಅಥವಾ "ಕಂಟಿನ್ಯೂ ವಿತ್ ದ ಕರೆಂಟ್ ಸೆಲೆಕ್ಷನ್". ಮೊದಲನೆಯದನ್ನೇ ಆರಿಸಿ. ಎರಡನೆಯದನ್ನು ಆರಿಸಿದರೆ ಹೆಸರುಗಳು ಇದ್ದಲ್ಲೇ ಇದ್ದು ತೂಕಗಳು ಮಾತ್ರ ಜಾಗ ಬದಲಿಸುತ್ತವೆ. ಒಬ್ಬರ ಜೋಳ ಇನ್ನೊಬ್ಬರ ಹೆಸರಿಗೆ ಬರುತ್ತದೆ. ತಕ್ಷಣ ಕಂಡರೆ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಬನ್ನಿ. ಸೇವ್ ಮಾಡಿ ಮುಚ್ಚಿದ ಮೇಲೆ ಆ ದಾರಿ ಇಲ್ಲ.

ಅಂಕಿಗಳು ಅಕ್ಷರಗಳಾದಾಗ

ಏಳು ತೂಕಗಳಿವೆ: 48.60, 9.75, 112.40, 48.06, 50.20, 105.00, 48.65. ಏರಿಕೆ ಕ್ರಮ 9.75, 48.06, 48.60, 48.65, 50.20, 105.00, 112.40 ಎಂದು ಬರಬೇಕು. ಬದಲಿಗೆ 105.00, 112.40, 48.06, 48.60, 48.65, 50.20, 9.75 ಎಂದು ಬಂದರೆ ಕಂಪ್ಯೂಟರ್ ಇವನ್ನು ನಿಘಂಟಿನ ಪದಗಳ ಹಾಗೆ ಮೊದಲ ಗುರುತಿನಿಂದ ಹೋಲಿಸಿದೆ. 1ರಿಂದ ಶುರುವಾದದ್ದೆಲ್ಲ ಮೊದಲು, 9ರಿಂದ ಶುರುವಾದದ್ದು ಕೊನೆಗೆ.

ಪತ್ತೆ ಹಚ್ಚುವುದು ಸುಲಭ. ಅಲೈನ್‌ಮೆಂಟ್ ಮುಟ್ಟದಿದ್ದರೆ ಸಂಖ್ಯೆಗಳು ಸೆಲ್‌ನ ಬಲಕ್ಕೆ, ಅಕ್ಷರಗಳು ಎಡಕ್ಕೆ ಒತ್ತಿಕೊಂಡಿರುತ್ತವೆ. ಸೆಲ್‌ನ ಎಡ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೂ ಅದೇ ಅನುಮಾನ. ಕೆಲವು ಮಾತ್ರ ಅಕ್ಷರಗಳಾಗಿದ್ದರೆ ಏರಿಕೆ ಕ್ರಮದಲ್ಲಿ ಅವು ನಿಜವಾದ ಸಂಖ್ಯೆಗಳೆಲ್ಲ ಮುಗಿದ ಮೇಲೆ, ಇಳಿಕೆ ಕ್ರಮದಲ್ಲಿ ಎಲ್ಲಕ್ಕಿಂತ ಮೇಲೆ ಗುಂಪಾಗಿ ನಿಲ್ಲುತ್ತವೆ.

ಕಾರಣಗಳು ಹಲವು. ಸೆಲ್‌ನಲ್ಲೇ "48.60 ಕ್ವಿಂ" ಎಂದು ಬರೆದಿರುವುದು ಒಂದು, ಅಳತೆಯ ಹೆಸರು ತಲೆಬರಹದಲ್ಲಿರಬೇಕು, ಸೆಲ್‌ನಲ್ಲಿ ಅಲ್ಲ. ಕಂಟ್ರೋಲ್ ಎಚ್ ಒತ್ತಿ "ಕ್ವಿಂ" ಎಂಬುದನ್ನು ಖಾಲಿಯಿಂದ ಬದಲಿಸಿ. ವಾಟ್ಸ್ಆ್ಯಪ್‌ನಿಂದಲೋ ವೆಬ್ ಪುಟದಿಂದಲೋ ನಕಲು ಮಾಡಿದ ಅಂಕಿಗಳ ಹಿಂದೆ ಕಾಣದ ಸ್ಪೇಸ್ ಅಂಟಿಕೊಂಡಿರುವುದು ಇನ್ನೊಂದು. ಅದು ಮಾಮೂಲಿ ಸ್ಪೇಸ್ ಅಲ್ಲದಿರಬಹುದು. ಆದ್ದರಿಂದ ಒಂದು ಸೆಲ್ ಒಳಗೆ ಹೋಗಿ ಆ ಸ್ಪೇಸನ್ನೇ ನಕಲು ಮಾಡಿ, ಕಂಟ್ರೋಲ್ ಎಚ್‌ನ ಹುಡುಕುವ ಜಾಗದಲ್ಲಿ ಅಂಟಿಸಿ ಅಳಿಸಿ.

ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದ ಪಟ್ಟಿ ಮೂರನೆಯದು. ೯, ೪೮, ೧೦೫ ಇವನ್ನು ಎಕ್ಸೆಲ್ ಅಕ್ಷರಗಳಾಗಿಯೇ ಓದಿ ೧೦೫, ೪೮, ೯ ಎಂದು ಜೋಡಿಸುತ್ತದೆ. ೦ಯಿಂದ ೯ರವರೆಗೆ ಹತ್ತು ಸಲ ಬದಲಿಸಿ 0ಯಿಂದ 9 ಮಾಡಿಕೊಳ್ಳಬೇಕು. ಕನ್ನಡ ಅಂಕಿಗಳಲ್ಲೇ ಪಟ್ಟಿ ಅಚ್ಚಾಗಬೇಕೆಂಬ ಆಸೆ ಒಳ್ಳೆಯದೇ. ಜೋಡಣೆ ಮುಗಿದ ಮೇಲೆ, ಪ್ರಿಂಟ್ ತೆಗೆಯುವ ಪ್ರತಿಯಲ್ಲಿ ಮತ್ತೆ ಬದಲಿಸಿಕೊಳ್ಳಿ.

ಇಷ್ಟಾದ ಮೇಲೂ ಅಂಕಿಗಳು ಎಡಕ್ಕೇ ಇದ್ದರೆ ಒಂದು ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ತೂಕದ ಸೆಲ್‌ಗಳನ್ನೆಲ್ಲ ಆರಿಸಿ, ಪೇಸ್ಟ್ ಸ್ಪೆಷಲ್‌ನಲ್ಲಿ "ಮಲ್ಟಿಪ್ಲೈ" ಒತ್ತಿ. 1ರಿಂದ ಗುಣಿಸಿದಾಗ ಬೆಲೆ ಬದಲಾಗುವುದಿಲ್ಲ, ಅಕ್ಷರ ಮಾತ್ರ ಸಂಖ್ಯೆಯಾಗುತ್ತದೆ.

ಸರ್ವೆ ನಂಬರ್, ಎಕರೆ-ಗುಂಟೆ: ದಿನಾಂಕದ ಕಾಟ

ಎಕ್ಸೆಲ್‌ನಲ್ಲಿ 2-5 ಎಂದು ಬರೆದು ಎಂಟರ್ ಒತ್ತಿದರೆ, ದಿನಾಂಕದಲ್ಲಿ ದಿನ ಮೊದಲು ಬರುವ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ, ಅದು ಮೇ 2 ಆಗುತ್ತದೆ. ಸರ್ವೆ ನಂಬರ್ 12/3 ಮಾರ್ಚ್ 12 ಆಗುತ್ತದೆ. ಗಾಬರಿಯಾಗಿ ಫಾರ್ಮ್ಯಾಟನ್ನು ಟೆಕ್ಸ್ಟ್‌ಗೆ ಬದಲಿಸಿದರೆ ಐದಂಕಿಯ ಯಾವುದೋ ಸಂಖ್ಯೆ ಕಾಣುತ್ತದೆ. 1900ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕ ಅದು. ನೀವು ಬರೆದದ್ದು ಅಲ್ಲಿ ಉಳಿದೇ ಇಲ್ಲ, ಮತ್ತೆ ಟೈಪ್ ಮಾಡಬೇಕು.

ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಡಿ. ಮೂರನೇ ಕಾಲಮಿನಲ್ಲಿ ಈಕ್ವಲ್ ಚಿಹ್ನೆ ಹಾಕಿ, ಎಕರೆಯ ಸೆಲ್ ಒತ್ತಿ, *40+ ಎಂದು ಬರೆದು, ಗುಂಟೆಯ ಸೆಲ್ ಒತ್ತಿ ಎಂಟರ್ ಮಾಡಿ, ಕೆಳಗಿನವರೆಗೆ ಎಳೆಯಿರಿ. ಆ ಮೂರನೇ ಕಾಲಮಿನ ಮೇಲೆ ಜೋಡಿಸಿ. ಸರ್ವೆ ನಂಬರನ್ನೂ ಹೀಗೇ ಸೀಳಬೇಕು: ಸರ್ವೆ ನಂಬರ್ ಒಂದರಲ್ಲಿ, ಹಿಸ್ಸಾ (ಓರೆಗೆರೆಯ ನಂತರದ ಪಾಲಿನ ನಂಬರ್) ಇನ್ನೊಂದರಲ್ಲಿ. ಒಟ್ಟಿಗೇ ಟೆಕ್ಸ್ಟ್ ಆಗಿ ಬರೆದರೆ 12/1, 12/10, 12/2 ಎಂದು ಬರುತ್ತದೆ. ಸೀಳಿದ ಮೇಲೆ ಮೊದಲ ಲೆವೆಲ್ ಸರ್ವೆ ನಂಬರ್, ಎರಡನೇ ಲೆವೆಲ್ ಹಿಸ್ಸಾ ಎಂದು ಕೊಡಿ. 12/2ರ ನಂತರವೇ 12/10 ಬರುತ್ತದೆ. ಹಿಸ್ಸಾದ ಪಕ್ಕ ಅಕ್ಷರ ಇದ್ದರೆ ಅದಕ್ಕೆ ಮೂರನೇ ಕಾಲಂ.

ಮೊಬೈಲಿನಲ್ಲಿ

ಗೂಗಲ್ ಶೀಟ್ಸ್ ಆ್ಯಪ್‌ನಲ್ಲಿ ಮೊದಲು ತಲೆಬರಹದ ಸಾಲನ್ನು ಫ್ರೀಜ್ ಮಾಡಿ, ಇಲ್ಲವಾದರೆ ಅದೂ ಜಾಗ ಬಿಟ್ಟು ಓಡುತ್ತದೆ. ಆಮೇಲೆ ಕಾಲಮಿನ ಮೇಲಿರುವ ಇಂಗ್ಲಿಷ್ ಅಕ್ಷರವನ್ನು ಒತ್ತಿ, ಮತ್ತೊಮ್ಮೆ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ "ಸಾರ್ಟ್ ಎ–ಝಡ್" ಎಂದರೆ ಏರಿಕೆ, "ಸಾರ್ಟ್ ಝಡ್–ಎ" ಎಂದರೆ ಇಳಿಕೆ. ಹೆಸರು ಅಕ್ಷರದ್ದಾದರೂ ಸಂಖ್ಯೆಗಳಿಗೆ ಇದೇ.

ತಾಳೆ ನೋಡುವುದು

ಜೋಡಿಸುವ ಮುಂಚೆ ಮತ್ತು ನಂತರ ಚೀಟಿಗಳ ಎಣಿಕೆ, ತೂಕದ ಮೊತ್ತ ಎರಡೂ ಒಂದೇ ಇರಬೇಕು. ಚೀಟಿ ಕಳೆದುಹೋಗಿದ್ದರೆ, ಒಂದನ್ನು ಎರಡು ಸಲ ಬರೆದಿದ್ದರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಹೆಸರುಗಳಿಂದ ತೂಕಗಳು ಕಳಚಿಕೊಂಡಿದ್ದರೆ ಮೊತ್ತ ನೋಡಿ ಗೊತ್ತಾಗುವುದಿಲ್ಲ. ತೂಕಗಳೆಲ್ಲ ಅಲ್ಲೇ ಇರುತ್ತವಲ್ಲ. ಅದಕ್ಕಾಗಿ ಪಟ್ಟಿಯ ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು ಸಾಲನ್ನು ಆರಿಸಿ ಮೂಲ ಕಾಟಾ ಚೀಟಿಯ ಜೊತೆ ಹೆಸರು, ಲಾಟ್ ನಂಬರ್, ತೂಕ ಮೂರನ್ನೂ ಹೊಂದಿಸಿ ನೋಡಿ. ಒಂದು ಸಾಲು ಹೊಂದದಿದ್ದರೂ ಆ ಹಾಳೆಯಲ್ಲಿ ತಿದ್ದಲು ಹೋಗಬೇಡಿ. ಕ್ರಮಸಂಖ್ಯೆಯ ಕಾಲಮಿನಿಂದಲೂ ಅದು ಸರಿಹೋಗುವುದಿಲ್ಲ, ಏಕೆಂದರೆ ಕ್ರಮಸಂಖ್ಯೆಯೂ ಹೆಸರಿನ ಜೊತೆಗೇ ಉಳಿದಿರುತ್ತದೆ. ಮೊದಲು ಮಾಡಿಟ್ಟ ಪ್ರತಿಯನ್ನು ತೆರೆದು ಸಾರ್ಟ್ ಹಂತದಿಂದ ಮತ್ತೆ ಮಾಡಿ.